ಗೋಡೆಗೆ ಹೊಸ್ತಿಲಿಲ್ಲ

೧೮೯೮ ಸೆಪ್ಟೆಂಬರ್ ೧೯, ಸೋಮವಾರ

ಗಣೇಶನ ಹಬ್ಬ. ಒಬ್ಬನೇ ಮಾಡಿ ಒಬ್ಬನೇ ಉಂಡೆ. ಹೆಂಡತಿ ಸಪ್ಪಲಮ್ಮನನ್ನೂ ಮಗುವನ್ನೂ ಗೌರಿ ಹಬ್ಬದ ನೆಪ ಹೇಳಿ ಆನೇಕಲ್ಲಿನ ಅವಳ ತೌರಿಗೆ ಬಿಟ್ಟು ಬಂದೆ. ಪೇಟೆಯಲ್ಲಿ ಪ್ಲೇಗು ಕಾಲಿಟ್ಟಿದೆ. ಸಿದ್ದಿಕಟ್ಟೆಯ ಸಂತೆಗೆ ಬದನೆಕಾಯಿ ಹೊತ್ತು ಹೋದವರು ಅರ್ಧ ಮಾರಿ ಅರ್ಧ ಅಲ್ಲೇ ಸುರಿದು ಓಡಿ ಬರುತ್ತಿದ್ದಾರೆ. ಮನೆಯಲ್ಲಿ ಮಾತಾಡಲಿಕ್ಕೆ ಕೆಂದ ಒಬ್ಬ ಉಳಿದಿದ್ದಾನೆ, ಅವನು ಎತ್ತು. ಅದಕ್ಕೇ ಈ ಪುಸ್ತಕ ತೆಗೆದೆ. ಕೂಲಿಮಠದಲ್ಲಿ ಕಲಿತ ಅಕ್ಷರ ಇಷ್ಟು ವರ್ಷ ಸುಮ್ಮನೆ ಬಿದ್ದಿತ್ತು.

ಇದು ಬಸವನ ಗುಡ್ಡದ ಕೆಳಗೆ ನಮ್ಮ ತಾತ ಕಟ್ಟಿದ ಮನೆ. ಒಳಗೆ ಕಾಲಿಟ್ಟರೆ ಮೊದಲು ತಗ್ಗಿನಲ್ಲಿ ದನದ ಕೊಟ್ಟಿಗೆ, ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಜನ ಇರುವ ಹಜಾರ, ಅದರ ಹಿಂದೆ ಅಡುಗೆ ಕೋಣೆ ಮತ್ತು ಕಾಳು ತುಂಬುವ ಕತ್ತಲೆ ಕೋಣೆ. ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಹಲಸಿನ ತೊಲೆ. ಅದನ್ನು ಹೊತ್ತದ್ದು ನಡುಗಂಬ. ಈಗ ಆ ಕಂಬ ಕಾಣುವುದಿಲ್ಲ. ಅದನ್ನು ಒಳಗೆ ಸೇರಿಸಿಕೊಂಡೇ ಹನ್ನೊಂದು ವರ್ಷದ ಹಿಂದೆ ಮಣ್ಣಿನ ಗೋಡೆ ಎತ್ತಿದೆವು. ಗೋಡೆ ತೊಲೆಯವರೆಗೆ ಮಾತ್ರ. ಅದರ ಮೇಲೆ ಅಟ್ಟ ತೆರೆದೇ ಇದೆ, ಸೂರು ಒಂದೇ.

ಗೋಡೆಯ ಆಚೆ ಇರುವವನು ಮುನಿಗಂಗಪ್ಪ. ನನ್ನ ಒಡಹುಟ್ಟಿದವನು, ನನಗಿಂತ ಹಿರಿಯ. ರಾಗಿ ಬಣವೆಗೆ ಮಳೆ ಬಿತ್ತೆಂದು ಕಣದಲ್ಲಿ ಎಲ್ಲರ ಎದುರಿಗೆ ನನ್ನ ಕೆನ್ನೆಗೆ ಹೊಡೆದ. ನಾನು ಅಂದೇ ಪಾಲು ಕೇಳಿದೆ. ಹಳೆಯ ಬಾಗಿಲು ಅವನಿಗೆ ಹೋಯಿತು, ನಾನು ಪೂರ್ವದ ಗೋಡೆ ಒಡೆದು ಬೇರೆ ಬಾಗಿಲು ಇಡಿಸಿಕೊಂಡೆ. ಒಂದೇ ಜೋಡಿಯ ಎತ್ತುಗಳಲ್ಲಿ ಕೆಂದ ನನಗೆ, ಕರಿಯ ಅವನಿಗೆ. ‘ಅಣ್ಣಮ್ಮನ ಆಣೆ, ನಿನ್ನ ಹೊಸ್ತಿಲು ತುಳಿದರೆ ನನ್ನ ವಂಶ ಉಳಿಯಬಾರದು’ ಎಂದು ಪಂಚರ ಮುಂದೆ ಹೇಳಿ ಹೊರಬಂದವನು ಇವತ್ತಿನವರೆಗೂ ಆ ಕಡೆಯ ಬೀದಿಯಲ್ಲಿ ನಡೆದಿಲ್ಲ.

ಮಾತು ಬಿಟ್ಟಿದ್ದೇವೆ ಎಂದರೆ ಪೂರಾ ಬಿಟ್ಟಿಲ್ಲ. ಆಚೆಯವನಿಗೆ ಏನಾದರೂ ಮುಟ್ಟಿಸಬೇಕಾದರೆ ನಾನು ಕೆಂದನಿಗೆ ಗಟ್ಟಿಯಾಗಿ ಹೇಳುತ್ತೇನೆ. ಅವನು ಕರಿಯನಿಗೆ ಹೇಳುತ್ತಾನೆ. ಮಾತಾಡಿದ್ದು ಎತ್ತಿನ ಹತ್ತಿರ, ಆದ್ದರಿಂದ ಯಾರೂ ಸೋತ ಹಾಗಲ್ಲ. ಅತ್ತಿಗೆ ಮುತ್ಯಾಲಮ್ಮನಿಗೆ ಮಾತ್ರ ಈ ವಿದ್ಯೆ ಬರುವುದಿಲ್ಲ. ಬಾವಿಯ ಹತ್ತಿರ ಸಿಕ್ಕರೆ ಮುಖ ನೋಡಿ ನೇರವಾಗಿ ಮಾತಾಡಿಸುತ್ತಾಳೆ. ನಾನು ಹೂಂ ಉಹೂಂ ಎಂದು ಜಾರಿಕೊಳ್ಳುತ್ತೇನೆ.

ಹೋದ ವಾರ ಆಚೆಯವನು ಕರಿಯನ ಮೈ ಉಜ್ಜುತ್ತ, ‘ಮಕ್ಕಳನ್ನ ಇಟ್ಕಂಡಿರೋರು ಊರು ಬಿಟ್ರೆ ಒಳ್ಳೇದು ಕಣೋ ಕರಿಯಾ. ಈ ಸೂರಿನ ಕೆಳಗೆ ಒಬ್ರು ಇದ್ರೆ ಸಾಕು’ ಅಂದ. ಎಷ್ಟು ಧೈರ್ಯ. ಪ್ಲೇಗಿನ ನೆಪದಲ್ಲಿ ನನ್ನನ್ನು ಎಬ್ಬಿಸಿ ಇಡೀ ಮನೆ ನುಂಗುವ ಹುನ್ನಾರ. ಅವನಿಗೆ ಮಕ್ಕಳಿಲ್ಲ, ಹೊಟ್ಟೆಕಿಚ್ಚು ಬೇರೆ. ನಾಲ್ಕು ವರ್ಷದ ಹಿಂದೆ ನನ್ನ ಮಗು ಹುಟ್ಟಿದ ವಾರದಲ್ಲೇ ತನ್ನ ಬಾಗಿಲ ಹತ್ತಿರ ಅದೇನೋ ಕುಟ್ಟಿ ಕೀಳುವ ಕೆಲಸ ಹಚ್ಚಿಕೊಂಡು ಬಾಣಂತಿಯ ನಿದ್ದೆ ಕೆಡಿಸಿದ್ದ. ಅವನು ಹೋಗು ಅಂದದ್ದಕ್ಕೇ ನಾನು ಹೆಂಡತಿ ಮಗುವನ್ನು ಮಾತ್ರ ಕಳಿಸಿ ಇಲ್ಲೇ ಉಳಿದೆ.

ಸೆಪ್ಟೆಂಬರ್ ೨೪, ಶನಿವಾರ

ಪಟೇಲ ಕೆಂಚಪ್ಪನವರು ತಮಟೆ ಹೊಡೆಸಿದರು. ಯಾರ ಮನೆಯಲ್ಲಿ ಇಲಿ ಸತ್ತು ಬಿದ್ದರೂ ಅವರಿಗೆ ತಿಳಿಸಬೇಕು. ತಿಳಿಸಿದ ಮನೆಯವರು ಬಯಲಿನಲ್ಲಿ ಹಾಕಿರುವ ಜೋಪಡಿಗೆ ಹೋಗಬೇಕು. ಪ್ಲೇಗಿನ ಇಲಾಖೆಯವರು ಬಂದು ಸೂರಿನ ಹೆಂಚು ಇಳಿಸಿ, ಒಳಗೆ ಬಿಸಿಲು ಬಿಟ್ಟು, ಸುಣ್ಣ ಬಳಿಯುತ್ತಾರೆ.

ಇಳಿಸಿದ ಹೆಂಚು ತಿರುಗಿ ಏರುತ್ತದೆಯೇ ಎಂದು ನಾನು ಕೇಳಿದೆ. ಕೆಂಚಪ್ಪನವರು ದನಿ ತಗ್ಗಿಸಿದರು. ಗುಡ್ಡದ ಸುತ್ತ ಹೊಸ ಬಡಾವಣೆ ಬರುತ್ತದಂತೆ, ನೇರ ರಸ್ತೆ, ಸಾಲು ಮನೆ. ಅಳತೆಯ ಸರಪಳಿ ಹಿಡಿದವರು ನಮ್ಮ ರಾಗಿ ಹೊಲದ ಮೂಲೆಯಲ್ಲಿ ಕಲ್ಲು ನೆಟ್ಟು ಹೋಗಿದ್ದಾರೆ. ಸೂರು ಇದ್ದರೆ ಮನೆ ಎಂದು ಬರೆಯುತ್ತಾರೆ, ಇಲ್ಲದಿದ್ದರೆ ಬರೀ ನೆಲ. ಮನೆ ಎಂದು ಬರೆಸಿಕೊಂಡವನಿಗೆ ಇರಲಿಕ್ಕೆ ಜಾಗ, ನೆಲ ಎಂದು ಬರೆಸಿಕೊಂಡವನಿಗೆ ಬೀದಿ. ನಾನು ಇಲ್ಲಿಂದ ಒಂದು ಹೆಂಚು ಅಲ್ಲಾಡಲು ಬಿಡುವವನಲ್ಲ.

ಆಚೆಯವನು ಇತ್ತೀಚೆಗೆ ಮನೆಯಲ್ಲಿ ಮಲಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕಣದ ಗುಡಿಸಲಿಗೆ ಚಾಪೆ ಹೊತ್ತುಕೊಂಡು ಹೋಗುತ್ತಾರೆ. ಬೆಳಗಾದರೆ ಬಂದು ಕರಿಯನಿಗೆ ಹುಲ್ಲು ಹಾಕುತ್ತಾನೆ. ಕಣದಲ್ಲಿ ಈಗ ಕಾಯಲಿಕ್ಕೆ ಏನಿದೆಯೋ, ದೊರೆ ಗಾಳಿ ಸವಾರಿಗೆ ಹೋಗುತ್ತಿದ್ದಾರೆ.

ಸೆಪ್ಟೆಂಬರ್ ೨೯, ಗುರುವಾರ

ಮಳೆ. ‘ಯಾರ ಕಡೆ ಹೆಂಚೋ ಜರುಗೈತೆ ಕಣೋ ಕರಿಯಾ, ನಿನ್ನ ಬೆನ್ನ ಮೇಲೆ ಸೋರ್ತದೆ’ ಎಂದು ಆಚೆಯಿಂದ ದೂರು ಬಂತು. ‘ಜರುಗಿದ್ರೆ ಕಣ್ಣಿರೋರು ಹತ್ತಿ ನೋಡ್ಕಬೈದು ಕಣೋ ಕೆಂದಾ’ ಅಂದೆ. ಆಮೇಲೆ ನಾನೇ ಹತ್ತಿದೆ. ಜರುಗಿದ್ದು ನನ್ನ ಕಡೆಯದೇ.

ಅಟ್ಟದ ಮೇಲಿಂದ ಆಚೆ ಕಡೆ ಕಂಡಿತು. ಅವ್ವನ ಒರಳು ಇದ್ದಲ್ಲೇ ಇದೆ, ನೆಲ ಸಾರಿಸಿದೆ. ಆಚೆಯವನು ಕೊಟ್ಟಿಗೆಯಲ್ಲಿ ಬಗ್ಗಿ ಸಗಣಿ ಬಾಚುತ್ತಿದ್ದ. ನೆತ್ತಿಯ ಕೂದಲೆಲ್ಲ ಹೋಗಿದೆ. ಅಪ್ಪನ ನೆತ್ತಿಯೂ ಹೀಗೇ ಇತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅಕ್ಟೋಬರ್ ೩, ಸೋಮವಾರ

ಇಲಿ ಬಿತ್ತು.

ಮಧ್ಯಾಹ್ನ ಮುದ್ದೆ ಮುರಿಯುತ್ತ ಕುಳಿತಿದ್ದಾಗ ಅಟ್ಟದಿಂದ ತಟ್ಟೆಯ ಪಕ್ಕಕ್ಕೆ ಬಿತ್ತು. ಬಿದ್ದಲ್ಲೇ ಒಂದು ಸುತ್ತು ತಿರುಗಿ ಸತ್ತಿತು. ಬಾಯಲ್ಲಿ ರಕ್ತ. ಮೊರದಲ್ಲಿ ಎತ್ತಿಕೊಂಡು ಹೋಗಿ ತಿಪ್ಪೆಯಲ್ಲಿ ಆಳವಾಗಿ ಹೂತೆ. ಮೊರವನ್ನು ಸುಟ್ಟೆ.

ಆಚೆಯವನಿಗೆ ತಿಳಿಸಬೇಕೇ ಎಂದು ಯೋಚಿಸಿದೆ. ಕೆಂದನ ಹತ್ತಿರ ಹೋಗಿ ನಿಂತೆ. ಆಚೆ ಕರಿಯನ ಗಂಟೆಯ ಸದ್ದು ಕೇಳುತ್ತಿತ್ತು, ಅವನೂ ಅಲ್ಲೇ ಇದ್ದ. ಬಾಯಿ ತೆರೆದೆ. ‘ಹುಲ್ಲು ತಿನ್ನೋ’ ಎಂದಷ್ಟೇ ಹೇಳಿ ಬಂದೆ. ಅವನಿಗೆ ಗೊತ್ತಾದರೆ ನೆಟ್ಟಗೆ ಕೆಂಚಪ್ಪನವರ ಮನೆಗೆ ಹೋಗುವ ಪೈಕಿ. ಹೆಂಚು ಇಳಿಯುತ್ತದೆ, ನನ್ನ ಮಗುವಿಗೆ ಬೀದಿ. ಅಲ್ಲದೆ ಹೇಗೂ ಅವನು ಕಣದಲ್ಲಿ ಮಲಗುತ್ತಾನೆ. ಅವನಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲ.

ಇವತ್ತಿನಿಂದ ನಾನು ಹೊರಗೆ ಜಗಲಿಯ ಮೇಲೆ ಮಲಗುತ್ತೇನೆ. ಒಳಗೆ ತುಂಬ ಸೆಕೆ.

ಅಕ್ಟೋಬರ್ ೫, ಬುಧವಾರ

ಇವತ್ತೂ ಒಂದು. ಮಳೆ ನಿಂತಿಲ್ಲ. ಜಗಲಿಗೆ ಎರಚಲು ಹೊಡೆಯುತ್ತದೆ, ಕಂಬಳಿ ಹೊದ್ದು ಮುದುಡಿಕೊಂಡೆ.

ಅಕ್ಟೋಬರ್ ೬, ಗುರುವಾರ

ಬೆಳಗ್ಗೆ ಆಚೆಯಿಂದ ಮಾತು ಬಂತು. ಬಂದದ್ದು ಬಂದ ಹಾಗೇ ಬರೆಯುತ್ತೇನೆ.

‘ಕಣದ ಗುಡಿಸಲು ಕೆರೆ ಆಗೋಯ್ತು ಕಣೋ ಕರಿಯಾ, ನಿಮ್ಮವ್ವ ನಡುಗ್ತಾ ಅವ್ಳೆ. ಇತ್ಲಾಗೆ ಒಂದು ಬಿದ್ದಿದ್ದು ಬಿಟ್ರೆ ಇನ್ನೇನೂ ಬೀಳ್ಲಿಲ್ಲ. ಅತ್ಲಾಗೂ ಏನೂ ಬಿದ್ದಿರಾಕಿಲ್ಲ. ಬಿದ್ದಿದ್ರೆ ಹೇಳ್ತಿದ್ರು. ಒಳಕ್ಕೆ ಬಂದ್ಬಿಡಾನಾ?’

ಕರಿಯನ ಅವ್ವ ಎಂದರೆ ಅತ್ತಿಗೆ. ಏನು ಬಿದ್ದದ್ದು ಎಂದು ಅವನು ಹೇಳಲಿಲ್ಲ. ಹೇಳಿ ಉತ್ತರಕ್ಕೆ ಕಾಯುತ್ತ ನಿಂತಿದ್ದ. ನಾನು ಗೋಡೆಯ ಈಚೆ ಕೆಂದನ ಕೊಂಬಿಗೆ ಎಣ್ಣೆ ಹಚ್ಚುತ್ತಿದ್ದೆ. ಎರಡು ಬಿತ್ತು ಎಂದರೆ ಅವನೂ ಹೆದರಿ ಬಾಯಿ ಬಿಡುತ್ತಾನೆ, ಊರಿಗೆಲ್ಲ ಗೊತ್ತಾಗುತ್ತದೆ. ಎಣ್ಣೆ ಹಚ್ಚುವುದನ್ನು ಮುಗಿಸಿ ಒಳಗೆ ಬಂದೆ.

ಸಂಜೆ ಆಚೆ ಕಡೆ ಚಾಪೆ ಕೊಡವಿ ಹಾಸಿದ ಸದ್ದು ಕೇಳಿತು.

ನನಗೇನೂ ಕೇಳಿಸಲಿಲ್ಲ ಎಂದುಕೊಂಡರೂ ಆಗುತ್ತದೆ. ಎತ್ತಿಗೆ ಹೇಳಿದ ಮಾತಿಗೆ ಉತ್ತರ ಕೊಡಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ.

ಅಕ್ಟೋಬರ್ ೧೧, ಮಂಗಳವಾರ

ಆಚೆ ಕಡೆ ಬೆಳಗ್ಗೆ ಬೀಸುವ ಕಲ್ಲಿನ ಸದ್ದಿಲ್ಲ. ಕರಿಯ ಮಧ್ಯಾಹ್ನದವರೆಗೂ ನೀರಿಲ್ಲದೆ ಕೂಗುತ್ತಿದ್ದ. ಕೆಂದ ಅದಕ್ಕೆ ಉತ್ತರ ಕೊಟ್ಟು ಕೊಟ್ಟು ಕಟ್ಟಿದ ಗೂಟವನ್ನೇ ಅಲ್ಲಾಡಿಸಿದ.

ಸಂಜೆ ಮುನಿಗಂಗಪ್ಪನ ದನಿ ಕೇಳಿತು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದ. ‘ಇತ್ಲಾಗೆ ಯಾರೂ ಬರಬಾರ್ದು ಕಣೋ ಕರಿಯಾ. ಅತ್ಲಾಗಿರೋರು ಆನೇಕಲ್ಗೆ ಓಗ್ಲಿ. ಇವತ್ತೇ ಓಗ್ಲಿ.’

ಇವನನ್ನು ನೋಡಲಿಕ್ಕೆ ಯಾರು ಹೊರಟಿದ್ದರು ಎಂದು ಬರೆದೆ. ಸಾರು ಒಲೆಯ ಮೇಲೆಯೇ ಸೀದುಹೋಯಿತು. ಅಣ್ಣನಿಗೆ ಜ್ವರ ಬಂದರೆ ಹುರುಳಿಕಟ್ಟು ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ, ಅವ್ವ ಬಲವಂತವಾಗಿ ಗಂಜಿ ಕುಡಿಸುತ್ತಿದ್ದಳು.

ಅಕ್ಟೋಬರ್ ೧೨, ಬುಧವಾರ

ಬಾವಿಯ ಹತ್ತಿರ ಅತ್ತಿಗೆ ಕಾದಿದ್ದಳು. ದೂರದಲ್ಲೇ ನಿಲ್ಲು ಎಂದು ಕೈ ತೋರಿಸಿದಳು. ಅಣ್ಣನ ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿದೆ. ಮೈ ಸುಡುತ್ತಿದೆ, ಮಗ್ಗುಲು ಬದಲಿಸಲು ಅವಳೊಬ್ಬಳ ಕೈಯಲ್ಲಿ ಆಗುತ್ತಿಲ್ಲ. ಪಟೇಲರಿಗೆ ತಿಳಿಸೋಣವೆಂದರೆ ಅಣ್ಣ ಬಿಡುವುದಿಲ್ಲ, ಸೂರು ಹೋಗುತ್ತದೆ ಎನ್ನುತ್ತಾನೆ. ಇಷ್ಟನ್ನು ಅಳದೆ ಹೇಳಿದಳು. ಆಮೇಲೆ ಕೇಳಿದಳು:

‘ನಮ್ಮ ಕಡೆ ಇಲಿ ಬಿದ್ದ ದಿವ್ಸಾನೇ ನಿಮ್ಮಣ್ಣ ಹೇಳಿದ್ರಲ್ಲ ಕೃಷ್ಣಪ್ಪ, ಮಕ್ಕಳಿರೋರು ಓಗ್ಲಿ, ಸೂರು ಕಾಯಾಕೆ ತಾನೊಬ್ಬ ಸಾಕು ಅಂತ. ನೀನ್ಯಾಕೆ ಓಗ್ಲಿಲ್ಲ?’

ಅವನು ಹೇಳಿದ್ದು ಅದೇ ಮಾತು. ನನ್ನ ಕಿವಿಗೆ ಬಿದ್ದದ್ದೂ ಅದೇ ಮಾತು. ಅದನ್ನು ಬೈಗುಳ ಮಾಡಿಕೊಂಡವನು ನಾನು.

‘ನಿಮ್ಮ ಕಡೆ ಏನೂ ಬಿದ್ದಿರ್ಲಿಲ್ಲ ತಾನೆ?’ ಎಂದಳು.

ಇಲ್ಲ ಅಂದೆ.

‘ಸದ್ಯ’ ಎಂದು ಕೊಡ ಎತ್ತಿಕೊಂಡು ಹೋದಳು.

ಅಕ್ಟೋಬರ್ ೧೩, ಗುರುವಾರ

ಅಣ್ಣನ ಹತ್ತಿರ ಹೋಗಬೇಕು. ಸುತ್ತಿಕೊಂಡು ಹೋದರೆ ಅವನ ಬಾಗಿಲು ಒಂದು ಕೂಗಳತೆಯೂ ದೂರವಿಲ್ಲ. ಆದರೆ ಆಣೆ ಇಟ್ಟಿದ್ದೇನೆ. ಇಟ್ಟಾಗ ನನಗೆ ಮದುವೆಯೂ ಆಗಿರಲಿಲ್ಲ, ವಂಶ ಎನ್ನುವುದು ಬರೀ ಬಾಯಿಮಾತು. ಈಗ ಆ ವಂಶಕ್ಕೆ ನಾಲ್ಕು ವರ್ಷ, ಆನೇಕಲ್ಲಿನಲ್ಲಿ ಆಡಿಕೊಂಡಿದೆ. ಊರಿನಲ್ಲಿ ಮಾರಿ ಮನೆ ಮನೆ ಹುಡುಕುತ್ತಿರುವಾಗ ಅಣ್ಣಮ್ಮನ ಆಣೆ ಮುರಿಯುವ ಎದೆ ನನಗಿಲ್ಲ.

ಬೆಳಗಿನಿಂದ ತಲೆ ಕೆಡಿಸಿಕೊಂಡು, ಕಡೆಗೆ ಒಂದು ದಾರಿ ಹೊಳೆಯಿತು. ನಾನು ಆಣೆ ಇಟ್ಟದ್ದು ಹೊಸ್ತಿಲು ತುಳಿಯುವುದಿಲ್ಲ ಎಂದು. ಗೋಡೆಗೆ ಹೊಸ್ತಿಲಿಲ್ಲ.

ಗುದ್ದಲಿ ತಂದು ಹಜಾರದ ನಡುಗೋಡೆಯನ್ನು ಅಗೆಯಲು ಹಿಡಿದೆ. ಆಚೆಯಿಂದ ಅತ್ತಿಗೆ ಏನು ಏನು ಎಂದು ಕೂಗಿದಳು. ಬರುತ್ತಿದ್ದೇನೆ ಎಂದೆ. ಅವಳು ಮತ್ತೆ ಏನೋ ಕೂಗಿದಳು, ಗುದ್ದಲಿಯ ಸದ್ದಿನಲ್ಲಿ ನಾನು ಕೇಳಿಸಿಕೊಳ್ಳಲಿಲ್ಲ.

ಮಣ್ಣಿನ ಗೋಡೆಯೆಂದು ಸದರ ಮಾಡಿದ್ದೆ. ಅದು ಕಲ್ಲಾಗಿದೆ. ಆಗದೆ ಏನು, ಕಟ್ಟಿದವರು ನಾವಿಬ್ಬರೇ. ಪಾಲಾದ ವಾರ ಒಂದೇ ಗುಂಡಿಯಲ್ಲಿ ಎದುರುಬದುರು ನಿಂತು, ಹುಲ್ಲು ಹಾಕಿ, ಒಬ್ಬರ ಮುಖ ಒಬ್ಬರು ನೋಡದೆ ಇಡೀ ದಿನ ಮಣ್ಣು ತುಳಿದಿದ್ದೆವು. ಸಿಟ್ಟಿನಲ್ಲಿ ತುಳಿದ ಮಣ್ಣು ಚೆನ್ನಾಗಿ ಹದಕ್ಕೆ ಬಂದಿತ್ತು.

ಹೊತ್ತು ಇಳಿಯುವ ವೇಳೆಗೆ ನಡುಗಂಬ ಸಿಕ್ಕಿತು. ಅದು ಒಳಗಿದೆ ಎಂಬುದೇ ಮರೆತು ಹೋಗಿತ್ತು. ಅವ್ವ ಮಜ್ಜಿಗೆ ಕಡೆಯಲು ಹಗ್ಗ ಸುತ್ತುತ್ತಿದ್ದ ಕಡೆ ಮರ ಸವೆದು ನುಣ್ಣಗಿದೆ. ಬಣವೆಗೆ ಮಳೆ ಬಿದ್ದ ದಿನ ನಾನು ಈ ಕಂಬಕ್ಕೇ ಒರಗಿ ನಿದ್ದೆ ಹೋಗಿದ್ದೆ. ಮೋಡ ಕಟ್ಟಿದೆ, ಬಣವೆ ಮುಚ್ಚು ಎಂದು ಅಣ್ಣ ಹೇಳಿಹೋಗಿದ್ದ. ನಾನು ಮುಚ್ಚಲಿಲ್ಲ. ಇಡೀ ವರ್ಷದ ರಾಗಿ ಮೊಳಕೆ ಬಂತು.

ಕಂಬದ ಪಕ್ಕ ಜೋರಾಗಿ ಹೊಡೆಯುವ ಹಾಗಿಲ್ಲ. ತೊಲೆ ಕುಸಿದರೆ ಅವನ ಮೇಲೇ ಬೀಳುತ್ತದೆ. ಬೆರಳಿನಲ್ಲಿ ಕೆರೆದು ಕೆರೆದು ಬಿಡಿಸುತ್ತಿದ್ದೇನೆ. ಕತ್ತಲಾಯಿತು. ಅವನ ನರಳಾಟ ಈಗ ಹತ್ತಿರ ಕೇಳುತ್ತದೆ.

ಅಕ್ಟೋಬರ್ ೧೪, ಶುಕ್ರವಾರ

ಮಧ್ಯಾಹ್ನ ಗೋಡೆ ತೂತಾಯಿತು. ನುಸುಳುವಷ್ಟು ಆದ ಕೂಡಲೇ ನುಸುಳಿದೆ.

ಅಣ್ಣ ಒರಳಿನ ಪಕ್ಕ ಚಾಪೆಯ ಮೇಲಿದ್ದ. ಅಷ್ಟು ದೊಡ್ಡ ಆಳು ಎಲ್ಲಿ ಹೋದನೋ. ಕಣ್ಣು ತೆರೆದು ನನ್ನನ್ನು ನೋಡಿದ. ಆಮೇಲೆ ಮುಖವನ್ನು ಕೊಟ್ಟಿಗೆಯ ಕಡೆ ಹೊರಳಿಸಿದ.

‘ಕರಿಯಾ, ಯಾರೋ ಬಂದವ್ರೆ ನೋಡು’ ಎಂದ. ‘ಆ ಕಂಬ ಅಲ್ಲಾಡಿಸಬ್ಯಾಡ ಅನ್ನು.’

ನನಗೆ ಅಳು ಉಕ್ಕಿತು. ಅಣ್ಣಾ ಎಂದು ಕರೆಯಬೇಕಿತ್ತು. ಗಂಟಲಿಗೆ ಬಂದದ್ದು ಮಾತ್ರ ‘ಕರಿಯಾ, ನಿಮ್ಮ ಯಜಮಾನ್ರಿಗೆ ನೀರು ಬೇಕೇನೋ ಕೇಳು’ ಎಂದು. ಅವನ ತುಟಿಯ ಮೂಲೆ ಸ್ವಲ್ಪ ಮೇಲೆ ಹೋಯಿತು. ನಕ್ಕನೆಂದೇ ಅಂದುಕೊಂಡಿದ್ದೇನೆ.

ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಬಿಟ್ಟೆ. ಹೀಗೇ ಕರಿಯನನ್ನು ನಡುವೆ ಇಟ್ಟುಕೊಂಡು ಇನ್ನೂ ಸ್ವಲ್ಪ ಮಾತಾಡಿದೆವು. ಮಗು ಹೇಗಿದೆ ಎಂದು ಕೇಳಿಸಿದ. ಚೆನ್ನಾಗಿದೆ ಎಂದು ಹೇಳಿಸಿದೆ. ಅದಕ್ಕೂ ಅಕ್ಷರ ಕಲಿಸಬೇಕಂತೆ ಎಂದ. ನನ್ನನ್ನು ಕೂಲಿಮಠಕ್ಕೆ ಕಳಿಸಿದವನು ಅವನು. ನನ್ನ ಪಾಲಿನ ದನವನ್ನೂ ತಾನೇ ಕಾದ, ಕಲಿಸುವ ಅಯ್ಯನವರಿಗೆ ವರ್ಷ ವರ್ಷ ರಾಗಿ ಅಳೆದ, ತಾನು ಮಾತ್ರ ಹೆಬ್ಬೆಟ್ಟು ಒತ್ತುವವನಾಗಿಯೇ ಉಳಿದ. ಅವನಿಂದ ಬಂದ ಅಕ್ಷರದಲ್ಲೇ ನಾನು ಇಷ್ಟು ದಿನ ಅವನನ್ನು ಇಲ್ಲಿ ಬೈದುಕೊಂಡು ಕೂತಿದ್ದೆ.

ಇಲಿಯ ಮಾತು ಹೇಳಬೇಕೆಂದು ಎರಡು ಸಲ ಹೊರಟೆ. ಅತ್ತಿಗೆ ಅಲ್ಲೇ ಕುಳಿತು ಅವನ ಕಾಲು ಒತ್ತುತ್ತಿದ್ದಳು.

ಅಕ್ಟೋಬರ್ ೧೫, ಶನಿವಾರ, ಮಹಾಲಯ ಅಮಾವಾಸ್ಯೆ

ಅಣ್ಣ ಹೋದ. ಹೊತ್ತು ಹುಟ್ಟುವ ಮೊದಲು.

ಇಷ್ಟು ವರ್ಷ ಒಬ್ಬಳೇ ಅವ್ವನಿಗೆ ಗೋಡೆಯ ಎರಡು ಕಡೆ ಎರಡು ಎಡೆ ಇಡುತ್ತಿದ್ದೆವು. ಇವತ್ತು ಯಾರೂ ಇಡಲಿಲ್ಲ. ಕೆಂಚಪ್ಪನವರಿಗೆ ನಾನೇ ಹೋಗಿ ತಿಳಿಸಿದೆ. ಇಲಾಖೆಯ ಆಳುಗಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಅಣ್ಣನನ್ನು ಅವನ ಬಾಗಿಲಿನಿಂದ ಒಯ್ದರು. ನಾನು ಗೋಡೆಯ ತೂತಿನಲ್ಲೇ ಈಚೆಗೆ ನುಸು‌ಳಿ, ನನ್ನ ಬಾಗಿಲಿನಿಂದ ಹೊರಬಿದ್ದು, ಸುತ್ತಿಕೊಂಡು ಓಡಿ ಊರಾಚೆ ಅವರನ್ನು ಕೂಡಿಕೊಂಡೆ. ಆಗಲೂ ಆಣೆ ಮುರಿಯಲಿಲ್ಲ.

ಅಕ್ಟೋಬರ್ ೨೦, ಗುರುವಾರ

ಜೋಪಡಿಯಲ್ಲಿದ್ದೇವೆ. ನನಗೊಂದು, ಅತ್ತಿಗೆಗೊಂದು, ನಡುವೆ ಸೋಗೆಯ ತಟ್ಟಿ. ಇಬ್ಬರಿಗೂ ಇನ್ನೂ ಜ್ವರ ಬಂದಿಲ್ಲ. ಬಂದರೂ ನನಗೆ ದೂರಲು ಯಾರೂ ಇಲ್ಲ.

ಇವತ್ತು ಹೆಂಚು ಇಳಿಸಿದರು. ಬಯಲಿನಲ್ಲಿ ನಿಂತು ನೋಡಿದೆ. ಇಳಿಸುವವರಿಗೆ ಎಲ್ಲಿಂದ ಎಲ್ಲಿಯವರೆಗೆ ನನ್ನದು, ಎಲ್ಲಿಂದ ಅವನದು ಎಂದು ಗೊತ್ತಿರಲಿಲ್ಲ, ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಗೆ ಬಂದರು. ಸೂರು ಹೋದ ಮೇಲೆ ನೋಡಿದರೆ ಒಂದೇ ಮನೆ. ನಡುವೆ ಒಂದು ಮುರುಕು ಗೋಡೆ, ಗೋಡೆಯ ಹೊಟ್ಟೆಯಲ್ಲಿ ಕಂಬ.

ಸರಪಳಿಯವರಲ್ಲಿ ಒಬ್ಬ ಬಂದು ನೋಡಿ ನೆಲ ಎಂದು ಬರೆದುಕೊಂಡ. ಕೆಂಚಪ್ಪನವರು ತೊಲೆಯನ್ನು ಕೊಯ್ಯಿಸಿ ಅರ್ಧ ಅರ್ಧ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಕೊಯ್ಯುವುದು ಬೇಡ, ಪೂರಾ ಅತ್ತಿಗೆಗೆ ಎಂದೆ. ಅವರು ನನ್ನ ಮುಖ ನೋಡಿದರು.

ಈ ಸೂರಿಗಾಗಿ ತಾನೇ ನಾನು ಬಾಯಿ ಮುಚ್ಚಿಕೊಂಡಿದ್ದದ್ದು. ಅದು ಹೋಗುವಾಗ ನನಗೆ ಏನೂ ಅನ್ನಿಸಲಿಲ್ಲ. ಅಷ್ಟು ಅಗ್ಗದ ವಸ್ತುವಿಗೆ ಅಣ್ಣನನ್ನು ಕೊಟ್ಟೆ.

ಅಕ್ಟೋಬರ್ ೨೮, ಶುಕ್ರವಾರ

ಕೆಂದ ಮತ್ತು ಕರಿಯನನ್ನು ಒಂದೇ ಗೂಟಕ್ಕೆ ಕಟ್ಟಿದ್ದೇನೆ. ಮೊದಲು ಮೂಸಿಕೊಂಡವು. ಈಗ ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತವೆ, ಗೋಡೆ ಇದ್ದಾಗ ಮಲಗುತ್ತಿದ್ದ ಹಾಗೆಯೇ.

ಅತ್ತಿಗೆ ನನಗೂ ಸೇರಿಸಿ ಮುದ್ದೆ ಮಾಡುತ್ತಾಳೆ. ಇವತ್ತು ಹೊತ್ತಾರೆ ರಾಗಿ ಕೇರುತ್ತ ಕೇಳಿದಳು, ಆವತ್ತು ಎರಡು ದಿನ ಗೋಡೆ ಯಾಕೆ ಅಗೆದೆ, ಬಾಗಿಲಲ್ಲಿ ಬಾ ಅಂತ ಅಷ್ಟು ಕೂಗಿದರೂ ಬರಲಿಲ್ಲವಲ್ಲ ಎಂದು. ಹೊಸ್ತಿಲಿನ ಆಣೆ ಇತ್ತಲ್ಲ ಅತ್ತಿಗೆ ಎಂದೆ.

ಅವಳ ಕೈಯಲ್ಲಿದ್ದ ಮೊರ ನಿಂತಿತು.

‘ಹೊಸ್ತಿಲೆಲ್ಲೈತೆ ಕೃಷ್ಣಪ್ಪ? ನಿನ್ನ ಮಗ ಹುಟ್ಟಿದ ವಾರಾನೇ ನಿಮ್ಮಣ್ಣ ಕಿತ್ತಾಕಿದ್ರು. ಮಗೀನ ಎತ್ಕಂಡು ಅವ್ನು ಯಾವತ್ತಾದ್ರೂ ಬತ್ತಾನೆ, ಆಣೆ ಅಡ್ಡ ಬರಬಾರ್ದು ಅಂದ್ರು. ಹೊಸ್ತಿಲಿಲ್ಲದ ಮನೇಲಿ ಲಕ್ಷ್ಮಿ ನಿಲ್ಲಾಕಿಲ್ಲ ಅಂತ ನಾನು ಅತ್ತೆ. ಕೇಳ್ಲಿಲ್ಲ.’

ನಾನು ಎದ್ದು ನಡೆದುಕೊಂಡು ಹೋದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಬೀದಿಗೆ ಕಾಲಿಟ್ಟೆ. ಬಾಗಿಲುವಾಡ ಮಾತ್ರ ನಿಂತಿದೆ. ಕೆಳಗೆ ಹೊಸ್ತಿಲಿನ ಮರ ಕೂತಿದ್ದ ಎರಡು ಕಚ್ಚು ಕಾಣುತ್ತವೆ, ನಡುವೆ ಮಣ್ಣು ತುಂಬಿ ಮಟ್ಟ ಮಾಡಿ, ಮತ್ತೆ ಮತ್ತೆ ಸಾರಿಸಿ ನೆಲದ ಜೊತೆಗೇ ಸೇರಿಸಿದ್ದಾರೆ. ಒಳಗೆ ಹೋದೆ. ಹೊರಗೆ ಬಂದೆ. ಕಾಲಿಗೆ ಏನೂ ತಡೆಯಲಿಲ್ಲ. ಗುದ್ದಲಿ ಹಿಡಿಯುವ ಬದಲು ಒಂದು ಸಲ ಬಂದು ಬಗ್ಗಿ ನೋಡಿದ್ದರೆ ಎರಡು ದಿನ ಅವನ ಪಕ್ಕದಲ್ಲಿ ಇರಬಹುದಿತ್ತು. ಎರಡು ದಿನ ಯಾಕೆ, ನಾಲ್ಕು ವರ್ಷ ಇರಬಹುದಿತ್ತು. ಅಲ್ಲೇ ಕುಳಿತು ಅತ್ತೆ.

ತಿರುಗಿ ಬರುವಾಗ ಅತ್ತಿಗೆ ತಟ್ಟಿಯ ಆಚೆ ಒಲೆ ಹಚ್ಚುತ್ತಿದ್ದಳು. ಎದುರು ನಿಂತು ಹೇಳುವ ಶಕ್ತಿ ನನಗಿರಲಿಲ್ಲ. ಕರಿಯನ ಹತ್ತಿರ ಹೋಗಿ ಕುತ್ತಿಗೆಯ ಮೇಲೆ ಕೈ ಇಟ್ಟು, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

‘ನಮ್ಮ ಕಡೇನೂ ಇಲಿ ಬಿದ್ದಿತ್ತು ಕಣೋ ಕರಿಯಾ. ಎರಡು. ನೀವು ಒಳಕ್ಕೆ ಬರೋಕೆ ಮುಂಚೇನೇ ಬಿದ್ದಿತ್ತು. ಅಣ್ಣ ಕೇಳಿದಾಗ ನಾನು ಇಲ್ಲೇ ಇದ್ದೆ. ನಾನು ಹೇಳ್ಲಿಲ್ಲ.’

ತಟ್ಟಿಯ ಆಚೆ ಊದುಗೊಳವೆಯ ಸದ್ದು ನಿಂತಿತು. ಬೈದಾಳು, ಎದೆ ಬಡಿದುಕೊಂಡಾಳು, ಬಂದು ಹೊಡೆದಾಳು ಎಂದು ಕಾದೆ. ಹೊಡೆಯಲಿ ಎಂದೇ ಕಾದೆ. ಆಮೇಲೆ ಸೌದೆ ಮುರಿದ ಸದ್ದು, ಪಾತ್ರೆ ಇಟ್ಟ ಸದ್ದು, ಮುದ್ದೆ ತಿರುವುವ ಕೋಲಿನ ಸದ್ದು ಒಂದೊಂದಾಗಿ ಬಂದವು.

ಕತ್ತಲಾಗುವ ಹೊತ್ತಿಗೆ ಅತ್ತಿಗೆ ಹೊರಗೆ ಬಂದಳು. ಕೈಯಲ್ಲಿ ಎರಡು ತಟ್ಟೆ ಇದ್ದವು. ಒಂದನ್ನು ನನ್ನ ಜೋಪಡಿಯ ಮುಂದೆ ನೆಲದ ಮೇಲಿಟ್ಟಳು. ಇಷ್ಟು ವರ್ಷ ಎದುರು ಸಿಕ್ಕಾಗಲೆಲ್ಲ ನನ್ನ ಮುಖ ನೋಡಿ ನೇರವಾಗಿ ಮಾತಾಡಿದವಳು ಇವತ್ತು ನನ್ನ ಕಡೆ ತಿರುಗಲಿಲ್ಲ. ಎತ್ತಿನ ಕಡೆ ನೋಡಿ ಹೇಳಿದಳು.

‘ಕೆಂದಾ, ಮುದ್ದೆ ಆರೋಯ್ತದೆ, ಉಣ್ಬೇಕಂತೆ ಅನ್ನು.’